ಸಿಂಹ ಊಟಕ್ಕೆ ಏನು ಮಾಡುತ್ತದೆ? ಹಳೆಯ ಜಪಾನಿ ಪ್ರಾಣಿ ಕಾರ್ಟೂನ್‌ಗಳಲ್ಲಿ ಯಾವುದನ್ನು ಆರಿಸಬೇಕು

ಪ್ರಾಣಿಗಳ ಕಥೆ ಹೇಳುವ ಹಳೆಯ ಜಪಾನಿ ಟೀವಿ ಸರಣಿಗಳು ಒಂದೆರಡಲ್ಲ. ಬಿಳಿ ಸಿಂಹದ ಮರಿಯಿದೆ, ಗೂಡು ಬಿಟ್ಟು ಹಾರಿದ ಜೇನುಹುಳುವಿದೆ, ಹಡಗು ಹತ್ತುವ ಇಲಿಗಳಿವೆ, ಹಾಲಿನ ಗಾಡಿ ಎಳೆಯುವ ನಾಯಿಯಿದೆ, ತೋಳಗಳ ನಡುವೆ ಬೆಳೆದ ನಮ್ಮ ಮೋಗ್ಲಿಯೂ ಇದ್ದಾನೆ. ಇಲ್ಲಿ ಹೇಳುವವೆಲ್ಲ 1965ರಿಂದ 1990ರ ನಡುವೆ ಬಂದವು. ಹೆಚ್ಚಿನವು 52 ಕಂತಿನವು. ಒಂದು ಕಂತಿಗೆ ಇಪ್ಪತ್ತೈದು ನಿಮಿಷ ಹಿಡಿದರೂ ಒಂದು ಸರಣಿ ಮುಗಿಯಲು ಇಪ್ಪತ್ತು ಗಂಟೆ ಮೀರುತ್ತದೆ. ಮಕ್ಕಳ ಜೊತೆ ಕೂತು ನೋಡುವವರಿಗೆ ಅದು ಪೂರ್ತಿ ಒಂದು ಬೇಸಿಗೆ ರಜೆ. ಹಾಗಾಗಿ ಮೊದಲೇ ಸ್ವಲ್ಪ ಯೋಚಿಸಿ ಆರಿಸಿಕೊಳ್ಳುವುದು ಒಳ್ಳೆಯದು.

ಚಿತ್ರ ಚೆನ್ನಾಗಿದೆಯೇ, ಹಾಡು ಚೆನ್ನಾಗಿದೆಯೇ, ನೀತಿ ಇದೆಯೇ ಎಂದು ನೋಡುವವರು ಬಹಳ. ನಾನು ಕೇಳುವುದು ಒಂದೇ: ಈ ಪ್ರಾಣಿಗಳು ಹೊಟ್ಟೆಗೆ ಏನು ಮಾಡುತ್ತವೆ? ತಮಾಷೆಗೆ ಕೇಳುತ್ತಿಲ್ಲ. ಪ್ರಾಣಿಗೆ ಮಾತು ಕೊಟ್ಟ ಗಳಿಗೆಯಲ್ಲೇ ಕಥೆಗಾರ ಒಂದು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ಜಿಂಕೆಯೂ ಮಾತಾಡುತ್ತದೆ, ಸಿಂಹವೂ ಮಾತಾಡುತ್ತದೆ. ಸಿಂಹ ಜಿಂಕೆಯನ್ನು ತಿಂದರೆ ಅದು ಊಟವೋ ಕೊಲೆಯೋ? ಐದು ವರ್ಷದ ಮಗು ಇದನ್ನು ಎರಡನೇ ಕಂತಿನೊಳಗೆ ಕೇಳಿಯೇ ಕೇಳುತ್ತದೆ. ಕೆಲವು ಸರಣಿಗಳು ಎದೆಗೊಟ್ಟು ಉತ್ತರ ಹುಡುಕುತ್ತವೆ, ಕೆಲವು ಪ್ರಶ್ನೆಯೇ ಏಳದಂತೆ ಕಥೆ ಹೆಣೆಯುತ್ತವೆ, ಒಂದೆರಡು ಆ ಪ್ರಶ್ನೆಯಿಂದಲೇ ಮೈನಡುಗಿಸುತ್ತವೆ. ಯಾವ ಸರಣಿ ಯಾವ ವಯಸ್ಸಿಗೆ ಒಗ್ಗುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕಾಡಿನ ಕಥೆ ಬೇಕಿದ್ದರೆ: ಲಿಯೋನೋ ಮೋಗ್ಲಿಯೋ

‘ಜಂಗಲ್ ಎಂಪರರ್’ ಈ ಸಾಲಿನಲ್ಲಿ ಎಲ್ಲಕ್ಕಿಂತ ಹಿರಿಯದು. ಒಸಾಮು ತೆಜುಕಾ 1950ರಿಂದ 1954ರವರೆಗೆ ಪತ್ರಿಕೆಯೊಂದರಲ್ಲಿ ಬರೆದ ಕಾಮಿಕ್ಸ್ ಇದರ ಮೂಲ. ಅವರದೇ ಮುಷಿ ಪ್ರೊಡಕ್ಷನ್ 1965ರ ಅಕ್ಟೋಬರ್‌ನಿಂದ ಇದನ್ನು ಫುಜಿ ಟೀವಿಗೆ ಮಾಡಿಕೊಟ್ಟಿತು. ಜಪಾನಿನ ಮೊದಲ ಬಣ್ಣದ ಟೀವಿ ಅನಿಮೇಷನ್ ಸರಣಿ ಎಂಬ ಹೆಸರು ಇದಕ್ಕಿದೆ. ಆಗ ಜಪಾನಿನ ಹೆಚ್ಚಿನ ಮನೆಗಳಲ್ಲಿದ್ದದ್ದು ಕಪ್ಪುಬಿಳುಪು ಟೀವಿಯೇ. ಬಣ್ಣದ ಖರ್ಚು ತೂಗಿದ್ದು ಅಮೆರಿಕದ ಟೀವಿ ಸಂಸ್ಥೆ ಎನ್‌ಬಿಸಿಯ ದುಡ್ಡಿನಿಂದ. ಕಥೆಯ ನಾಯಕನಾದ ಬಿಳಿ ಸಿಂಹದ ಮರಿ ಲಿಯೋ ಇಂಗ್ಲಿಷಿನಲ್ಲಿ ‘ಕಿಂಬಾ’ ಆದ.

ಮೊದಲ ಕಂತೇ ಗಟ್ಟಿ. ಕಾಡಿನ ದೊರೆ ಪಾಂಜಾನ ಹೆಂಡತಿಯನ್ನು ಬೇಟೆಗಾರರು ಹಿಡಿದು, ಅವಳನ್ನೇ ಎರೆಯಾಗಿಸಿ ಅವನನ್ನು ಕೊಲ್ಲುತ್ತಾರೆ. ಬಸುರಿ ಸಿಂಹಿಣಿ ಮೃಗಾಲಯಕ್ಕೆ ಹೊರಟ ಹಡಗಿನಲ್ಲಿ ಮರಿ ಹಾಕುತ್ತಾಳೆ. ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುತ್ತದೆ. ಮರಿ ಮಾತ್ರ ಈಜಿಕೊಂಡು ಆಫ್ರಿಕಾ ಸೇರಬೇಕು. ಆಕಾಶದ ನಕ್ಷತ್ರಗಳು ತಾಯಿಯ ಮುಖವಾಗಿ ದಾರಿ ತೋರುತ್ತವೆ. ಇಸಾವೊ ತೊಮಿತಾ ಕೊಟ್ಟ ಸಂಗೀತ ಅಲ್ಲಿ ಸಮುದ್ರದಷ್ಟೇ ಅಗಲವಾಗಿ ಹರಡಿಕೊಳ್ಳುತ್ತದೆ. ಅರವತ್ತು ವರ್ಷದ ಹಿಂದಿನ ಟೀವಿ ಕೆಲಸ ಎಂದು ನಂಬುವುದು ಕಷ್ಟ.

ಕಾಡಿಗೆ ಬಂದ ಲಿಯೋಗೆ ಎದುರಾಗುವ ದೊಡ್ಡ ತಲೆನೋವು ಊಟದ್ದೇ. ಪ್ರಾಣಿಗಳೆಲ್ಲ ಒಟ್ಟಾಗಿ ಬಾಳಬೇಕು, ಯಾರೂ ಯಾರನ್ನೂ ತಿನ್ನಬಾರದು ಎಂದು ಅವನ ಆಸೆ. ಹುಲ್ಲು ತಿನ್ನುವವರಿಗೆ ಹೊಲ ಮಾಡಿಕೊಟ್ಟರೆ ಆಯಿತು, ಮಾಂಸ ತಿನ್ನುವವರ ಗತಿ? ಕೀಟ ತಿಂದು ಬದುಕಲಾದೀತೇ ಎಂಬ ಯೋಚನೆ ಬರುತ್ತದೆ, ಮಾಂಸದ ಬದಲಿಗೆ ಇನ್ನೇನಾದರೂ ಸಿಕ್ಕೀತೇ ಎಂಬ ಹುಡುಕಾಟ ನಡೆಯುತ್ತದೆ. ಯಾವುದೂ ಪೂರ್ತಿ ಗೆಲ್ಲುವುದಿಲ್ಲ. ತೆಜುಕಾ ವೈದ್ಯಕೀಯ ಓದಿದವರು, ಸಿಂಹದ ಹೊಟ್ಟೆ ಹುಲ್ಲಿಗೆ ಆದದ್ದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಕನಸನ್ನು ಕೈಬಿಡದೆ ಎಳೆಯುತ್ತ ಹೋಗುವುದು ಸರಣಿಯ ಸೊಗಸೂ ಹೌದು, ಅಲ್ಲಲ್ಲಿ ಪೆದ್ದುತನವೂ ಹೌದು.

ಈ ಎಳೆಯ ನಿಜವಾದ ಕೊನೆ ಇರುವುದು ಟೀವಿಯಲ್ಲಲ್ಲ, ತೆಜುಕಾರ ಪುಸ್ತಕದಲ್ಲಿ. ಬೆಳೆದು ಮಕ್ಕಳ ತಂದೆಯಾದ ಲಿಯೋ ಹಿಮದ ಬೆಟ್ಟದಲ್ಲಿ ಒಬ್ಬ ಮುದುಕನ ಜೊತೆ ಸಿಕ್ಕಿಬೀಳುತ್ತಾನೆ. ಇಬ್ಬರೂ ಉಳಿಯುವಂತಿಲ್ಲ. ತನ್ನ ಮಾಂಸ ಅವನ ಹೊಟ್ಟೆಗೆ, ತನ್ನ ಚರ್ಮ ಅವನ ಚಳಿಗೆ ಆಗಲಿ ಎಂದು ಲಿಯೋ ಬೇಕೆಂದೇ ಅವನ ಮೇಲೆ ಎರಗಿ ಅವನ ಕೈಯಿಂದಲೇ ಸಾಯುತ್ತಾನೆ. ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಹಸಿದ ಹುಲಿ ಹಸುವನ್ನು ತಿನ್ನಲಾರದೆ ಪ್ರಾಣ ಬಿಟ್ಟಿತು. ಇಲ್ಲಿ ಸಿಂಹವೇ ಹೋಗಿ ಹಸಿದ ಮನುಷ್ಯನಿಗೆ ಊಟವಾಯಿತು. 1965ರ ಸರಣಿಯಲ್ಲಿ ಇದು ಬರುವ ಹಾಗಿರಲಿಲ್ಲ. ಪ್ರತಿ ಕಂತೂ ಅಲ್ಲಲ್ಲೇ ಮುಗಿಯಬೇಕು, ಲಿಯೋ ದೊಡ್ಡವನಾಗಬಾರದು ಎಂಬುದು ದುಡ್ಡು ಹಾಕಿದವರ ಷರತ್ತು. ಅವರ ಹಂಗು ತೊರೆದು ತೆಜುಕಾ 1966ರಲ್ಲಿ 26 ಕಂತಿನ ಮುಂದಿನ ಭಾಗ ಮಾಡಿದರು, ಅಲ್ಲಿ ಲಿಯೋ ಬೆಳೆದು ತಂದೆಯಾಗುತ್ತಾನೆ. ಎನ್‌ಬಿಸಿ ಅದನ್ನು ಕೊಳ್ಳಲಿಲ್ಲ.

1994ರಲ್ಲಿ ಡಿಸ್ನಿಯ ಸಿಂಹದ ಸಿನಿಮಾ ‘ಲಯನ್ ಕಿಂಗ್’ ಬಂದಾಗ, ಅದು ಲಿಯೋನ ಕಥೆಯನ್ನು ಹೋಲುತ್ತದೆ ಎಂದು ಜಪಾನಿನ ಕಾಮಿಕ್ಸ್ ಕಲಾವಿದರು ಸಹಿ ಹಾಕಿ ಪತ್ರ ಬರೆದ ಜಗಳ ಎಲ್ಲರಿಗೂ ಗೊತ್ತಿರುವುದೇ. ಎರಡನ್ನೂ ನೋಡಿ ನೀವೇ ಮಾತಾಡಿಕೊಳ್ಳಿ. ಮುಖ್ಯವಾದ ಎಚ್ಚರಿಕೆ ಬೇರೆಯಿದೆ: ಆಫ್ರಿಕಾದ ಜನರನ್ನು ತೆಜುಕಾ ಬರೆದಿರುವ ರೀತಿ ಇವತ್ತಿಗೆ ಕಣ್ಣಿಗೆ ಚುಚ್ಚುತ್ತದೆ. ದಪ್ಪ ತುಟಿ, ಹುಲ್ಲಿನ ಲಂಗ ಇತ್ಯಾದಿ. ಇದರ ಬಗ್ಗೆ ತಕರಾರು ಎದ್ದು, ಜಪಾನಿನಲ್ಲಿ ಅವರ ಪುಸ್ತಕಗಳ ಮರುಮುದ್ರಣಕ್ಕೆ ವಿವರಣೆಯ ಮಾತೊಂದನ್ನು ಸೇರಿಸಬೇಕಾಯಿತು. ಮಕ್ಕಳನ್ನು ಇದರ ಮುಂದೆ ಒಂಟಿಯಾಗಿ ಕೂರಿಸಬೇಡಿ.

ಈಗ ಮೋಗ್ಲಿ. ನಿಪ್ಪಾನ್ ಅನಿಮೇಷನ್ ಮಾಡಿದ ‘ಜಂಗಲ್ ಬುಕ್’ ಟೀವಿ ಟೋಕಿಯೋದಲ್ಲಿ 1989ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಿರ್ದೇಶನ ಫುಮಿಯೊ ಕುರೋಕಾವಾ ಅವರದು. ಅದೇ ತಿಂಗಳು ಅದೇ ಚಾನೆಲ್ಲಿನಲ್ಲಿ ಲಿಯೋನ ಹೊಸ ಅವತಾರವೂ ಶುರುವಾಯಿತು ಎಂಬುದು ಒಂದು ವಿಚಿತ್ರ. ತೆಜುಕಾ ಅದನ್ನು ನೋಡಲು ಇರಲಿಲ್ಲ, ಆ ವರ್ಷದ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ನಮ್ಮಲ್ಲಿ ಇದರ ಕಥೆಯೇ ಬೇರೆ. 1993ರಲ್ಲಿ ದೂರದರ್ಶನ ಇದನ್ನು ಭಾನುವಾರ ಬೆಳಗ್ಗೆ ಹಿಂದಿಯಲ್ಲಿ ತೋರಿಸಿತು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಹಾಡು ಜಪಾನಿನವರದ್ದಲ್ಲ, ಇಲ್ಲಿಯದೇ. ಶೇರ್‌ಖಾನನಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಹಿಂದಿಯ ಗಂಧವಿಲ್ಲದ ಹಳ್ಳಿಯ ಹುಡುಗರೂ ಆ ಹಾಡು ಗುನುಗುತ್ತಿದ್ದರು. ಆ ಕಾಲದ ಕನ್ನಡದ ಮಕ್ಕಳಿಗೆ ಇದು ಜಪಾನಿನದು ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ. ಮೂಲ ಪುಸ್ತಕ ಬರೆದ ಕಿಪ್ಲಿಂಗ್‌ನ ಕಾಡು ಮಧ್ಯಪ್ರದೇಶದ ಸಿಯೋನಿ. ಅವನು ಆ ಕಥೆಗಳನ್ನು ಬರೆದದ್ದು ಅಮೆರಿಕದ ವರ್ಮಾಂಟಿನಲ್ಲಿ ಕೂತು. ಅದನ್ನು ಟೋಕಿಯೋದಲ್ಲಿ ಬಿಡಿಸಿ, ದೆಹಲಿಯಿಂದ ಬಿತ್ತರಿಸಿ, ನಾವು ಇಲ್ಲಿ ನೋಡಿದೆವು. ದಾರಿಯಲ್ಲಿ ಏನೇನೋ ಸೇರಿಕೊಂಡಿತು. ಜಪಾನಿ ಮೂಲದಲ್ಲಿ ಮೋಗ್ಲಿಯ ಸಾಕುತಂದೆ ತೋಳದ ಹೆಸರು ಅಲೆಕ್ಸಾಂಡರ್, ಹುಡುಗನ ಕೈಯಲ್ಲಿ ಆಸ್ಟ್ರೇಲಿಯಾದ ಬೂಮರಾಂಗು.

ಆದರೂ ಹೊಟ್ಟೆಯ ಪ್ರಶ್ನೆಗೆ ಮೋಗ್ಲಿಯ ಉತ್ತರ ಲಿಯೋನದಕ್ಕಿಂತ ಗಟ್ಟಿ. ಕಿಪ್ಲಿಂಗ್ ಕಾಡಿಗೆ ಒಂದು ಕಾನೂನು ಕೊಟ್ಟಿದ್ದಾನೆ: ಹಸಿವಿಗೆ ಕೊಲ್ಲು, ಖುಷಿಗೆ ಕೊಲ್ಲಬೇಡ. ತೋಳ ಬೇಟೆಯಾಡುತ್ತದೆ, ಅದರಲ್ಲಿ ಮುಚ್ಚುಮರೆಯಿಲ್ಲ. ಶೇರ್‌ಖಾನ್ ಕೆಟ್ಟವನಾಗುವುದು ಮಾಂಸ ತಿನ್ನುವುದರಿಂದಲ್ಲ, ಕಾನೂನು ಮುರಿಯುವುದರಿಂದ. ಏಳೆಂಟು ವರ್ಷದ ಮಗುವಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಮನಸ್ಸೂ ಮುದುಡುವುದಿಲ್ಲ. ಇನ್ನೊಂದು ಲಾಭ: ಹೆಬ್ಬಾವು ಕಾ ಇಲ್ಲಿ ಮೋಗ್ಲಿಯ ಸ್ನೇಹಿತ. ಡಿಸ್ನಿಯ ಸಿನಿಮಾ ಅವನನ್ನು ಕಪಟಿಯಾಗಿಸಿತ್ತು, ಜಪಾನಿನವರು ಪುಸ್ತಕಕ್ಕೆ ನಿಷ್ಠರಾಗಿ ಉಳಿದರು. ಹಾವೆಂದರೆ ಕೆಟ್ಟದ್ದು ಎಂಬ ಪಾಠ ಮಕ್ಕಳಿಗೆ ಬೇಡವಾಗಿದ್ದರೆ ಇದೇ ಮೇಲು.

ನಾಗರಹೊಳೆ, ಬಂಡೀಪುರಕ್ಕೆ ಹೋಗಿಬರುವ ಮನೆಯವರಿಗಂತೂ ಇದರ ಪಾತ್ರವರ್ಗ ಪರಿಚಿತ. ಕರಡಿ ಇದೆ, ಕೆನ್ನಾಯಿಗಳ ಹಿಂಡಿದೆ, ಕಬಿನಿಯ ಹಿನ್ನೀರಿನಲ್ಲಿ ಅದೃಷ್ಟವಿದ್ದರೆ ಬಘೀರನ ಬಂಧುವಾದ ಕರಿಚಿರತೆಯೂ ಕಂಡೀತು. ತೋಳವನ್ನು ಮಾತ್ರ ದಟ್ಟ ಕಾಡಿನಲ್ಲಿ ಹುಡುಕಬೇಡಿ. ನಮ್ಮ ತೋಳ ಕುರಿ ಮೇಯುವ ಬಯಲುಸೀಮೆಯ ಪ್ರಾಣಿ.

ಎರಡರಲ್ಲಿ ಒಂದೇ ಎಂದರೆ, ಹತ್ತು ವರ್ಷದೊಳಗಿನ ಮಗುವಿಗೆ ಮೋಗ್ಲಿ. ಅನಿಮೇಷನ್ ಎಲ್ಲಿಂದ ಎಲ್ಲಿಗೆ ಬಂತು ಎಂಬ ಕುತೂಹಲವಿರುವ ದೊಡ್ಡವರಿಗೆ ಲಿಯೋ.

ಹುಡುಗ ಮತ್ತು ಅವನ ಪ್ರಾಣಿ: ಕಣ್ಣೀರಿನ ಎರಡು ದಾರಿ

‘ಫ್ಲಾಂಡರ್ಸಿನ ನಾಯಿ’ಯ ಹೆಸರೆತ್ತಿದರೆ ಐವತ್ತು ದಾಟಿದ ಜಪಾನಿಯರ ಗಂಟಲು ಈಗಲೂ ಕಟ್ಟುತ್ತದೆ. ವೀಡಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲಿಷ್ ಲೇಖಕಿಯ 1872ರ ಸಣ್ಣ ಕಾದಂಬರಿಯನ್ನು ಯೋಷಿಯೊ ಕುರೋದಾ 52 ಕಂತುಗಳಿಗೆ ಹಿಗ್ಗಿಸಿದರು. 1975ರ ಇಡೀ ವರ್ಷ ಪ್ರತಿ ಭಾನುವಾರ ಸಂಜೆ ಫುಜಿ ಟೀವಿಯಲ್ಲಿ ಇದೇ. ಬೆಲ್ಜಿಯಂನ ಆಂಟ್‌ವರ್ಪ್ ಪಕ್ಕದ ಹಳ್ಳಿಯಲ್ಲಿ ಅಜ್ಜನ ಜೊತೆಗಿರುವ ಅನಾಥ ನೆಲ್ಲೊ, ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದ ನಾಯಿ ಪತ್ರಾಶ್. ಹಾಲು ಮಾರಿ ಬದುಕು. ನೆಲ್ಲೊಗೆ ಚಿತ್ರ ಬರೆಯುವ ಹುಚ್ಚು. ಆಂಟ್‌ವರ್ಪಿನ ದೊಡ್ಡ ಚರ್ಚಿನಲ್ಲಿರುವ, ಹಳೆಯ ಚಿತ್ರಕಾರ ರೂಬೆನ್ಸನ ಎರಡು ಚಿತ್ರ ನೋಡಬೇಕೆಂಬ ಆಸೆ. ಅವಕ್ಕೆ ಪರದೆ ಹಾಕಿರುತ್ತಾರೆ, ದುಡ್ಡು ಕೊಟ್ಟವರಿಗೆ ಮಾತ್ರ ತೆರೆಯುತ್ತಾರೆ.

ಇಲ್ಲಿ ಪ್ರಾಣಿ ಮಾತಾಡುವುದಿಲ್ಲ, ಯಾರೂ ಯಾರನ್ನೂ ತಿನ್ನುವುದಿಲ್ಲ. ಹಸಿವು ಬಡತನದ್ದು. ನಲವತ್ತು ಕಂತು ದಾಟಿದ ಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತದೆ: ಅಜ್ಜ ಸಾಯುತ್ತಾನೆ, ಮಾಡದ ತಪ್ಪಿನ ಆರೋಪ ಬರುತ್ತದೆ, ಹಾಲಿನ ಕೆಲಸ ಹೋಗುತ್ತದೆ, ಚಿತ್ರಸ್ಪರ್ಧೆಯಲ್ಲಿ ಸೋಲು. ಕ್ರಿಸ್‌ಮಸ್ ರಾತ್ರಿ ಹುಡುಗ ಚರ್ಚಿಗೆ ನಡೆದು, ಕೊನೆಗೂ ತೆರೆದುಕೊಂಡ ಆ ಚಿತ್ರಗಳ ಕೆಳಗೆ ನಾಯಿಯನ್ನು ಅಪ್ಪಿಕೊಂಡು ಚಳಿಯಲ್ಲೇ ಕೊನೆಯುಸಿರೆಳೆಯುತ್ತಾನೆ. ಕೊನೆ ಹೇಳಿಬಿಟ್ಟೆ ಎಂದು ಸಿಟ್ಟಾಗಬೇಡಿ. ಮಗುವಿಗೆ ಹಾಕುವ ಮುಂಚೆ ದೊಡ್ಡವರಿಗೆ ಇದು ಗೊತ್ತಿರಲೇಬೇಕು. ಅಮೆರಿಕದವರು 1959ರಲ್ಲಿ ಇದೇ ಕಥೆಯನ್ನು ಸಿನಿಮಾ ಮಾಡಿದಾಗ ಕೊನೆಯನ್ನು ಸುಖಾಂತ್ಯ ಮಾಡಿಕೊಂಡರು. ಜಪಾನಿನವರು ಮುಟ್ಟಲಿಲ್ಲ.

ಇದರ ಬಾಲಂಗೋಚಿಯೊಂದು ಸ್ವಾರಸ್ಯದ್ದು. ಈ ಕಥೆ ಬೆಲ್ಜಿಯಂನವರಿಗೆ ಅಷ್ಟಾಗಿ ಗೊತ್ತೇ ಇರಲಿಲ್ಲ. ಜಪಾನಿ ಪ್ರವಾಸಿಗರು ಬಂದು ನೆಲ್ಲೊನ ಊರೆಲ್ಲಿ ಎಂದು ಕೇಳತೊಡಗಿದ ಮೇಲೆ 1985ರಲ್ಲಿ ಹೋಬೋಕನ್‌ನಲ್ಲಿ ಹುಡುಗ ಮತ್ತು ನಾಯಿಯ ಪ್ರತಿಮೆ ಬಂತು, 2016ರಲ್ಲಿ ಆಂಟ್‌ವರ್ಪಿನ ಆ ದೊಡ್ಡ ಚರ್ಚಿನ ಮುಂದೆ ಇನ್ನೊಂದು.

‘ರಾಸ್ಕಲ್’ ಎರಡು ವರ್ಷ ಆಮೇಲಿನದು, 1977. ಅದೇ ನಿಪ್ಪಾನ್ ಅನಿಮೇಷನ್, ಅದೇ ಭಾನುವಾರದ ಹೊತ್ತು, 52 ಕಂತು. ಅಮೆರಿಕದ ಸ್ಟರ್ಲಿಂಗ್ ನಾರ್ತ್ ತನ್ನ ಬಾಲ್ಯದ ಬಗ್ಗೆ 1963ರಲ್ಲಿ ಬರೆದ ನೆನಪುಗಳೇ ಕಥೆ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಕಾಲ, ವಿಸ್ಕಾನ್ಸಿನ್‌ನ ಪುಟ್ಟ ಊರು. ಹನ್ನೊಂದರ ಹುಡುಗನಿಗೆ ತಾಯಿಯಿಂದ ಬೇರಾದ ರಕೂನ್ ಮರಿಯೊಂದು ಸಿಗುತ್ತದೆ. ರಕೂನ್ ಎಂದರೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿರುವ, ಬಾಲದಲ್ಲಿ ಬಳೆಬಳೆಯಿರುವ, ಬೆಕ್ಕಿಗಿಂತ ದಪ್ಪನೆಯ ಪ್ರಾಣಿ. ನಮ್ಮ ದೇಶದಲ್ಲಿಲ್ಲ. ಸಿಕ್ಕ ತಿನಿಸನ್ನು ನೀರಿನಲ್ಲಿ ಉಜ್ಜಾಡಿ ತಿನ್ನುವ ಚಾಳಿ ಅದಕ್ಕೆ. ಸಕ್ಕರೆಯ ಗಟ್ಟಿಯನ್ನು ಕೊಟ್ಟರೆ ಅದನ್ನೂ ಹಾಲಿನಲ್ಲಿ ತೊಳೆಯಹೋಗಿ, ಕರಗಿ ಕಾಣೆಯಾದದ್ದನ್ನು ಪೆಚ್ಚಾಗಿ ತಡಕುತ್ತದೆ. ಆ ದೃಶ್ಯ ನೋಡಿ ನಗದ ಮಗು ಇರಲಾರದು.

ಈ ಸರಣಿ ನಿಧಾನ. ಮೀನು ಹಿಡಿಯುವುದು, ದೋಣಿ, ಶಾಲೆ, ಹಿಮ. ಮುಂದೆ ದೊಡ್ಡ ಅನಿಮೇಷನ್ ನಿರ್ದೇಶಕರಾದ ಹಯಾವೊ ಮಿಯಾಝಾಕಿ ಆಗ ಹೆಸರು ಮಾಡಿರಲಿಲ್ಲ. ಇಲ್ಲಿನ ಕೆಲವು ಕಂತುಗಳಿಗೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಕಥೆ ತಿರುಗುವುದು ಒಂದು ಜೋಳದ ತೆನೆಯಿಂದ. ಸಿಹಿಜೋಳದ ರುಚಿ ಹತ್ತಿದ ರಕೂನ್ ರಾತ್ರಿ ನೆರೆಯವರ ಹೊಲಕ್ಕೆ ನುಗ್ಗುತ್ತದೆ. ಜನ ಬಂದೂಕಿನ ಮಾತಾಡುತ್ತಾರೆ. ಹುಡುಗ ಪಂಜರ ಕಟ್ಟಬೇಕಾಗುತ್ತದೆ. ಮುದ್ದಿನ ಮರಿ ಬೆಳೆದು ಕಾಡಿನ ಪ್ರಾಣಿಯಾಗಿದೆ, ಅದರ ಹೊಟ್ಟೆಗೂ ಊರಿನ ಹೊಲಕ್ಕೂ ಹೊಂದುವುದಿಲ್ಲ ಎಂಬುದು ಅವನಿಗೆ ಮೆಲ್ಲಮೆಲ್ಲನೆ ತಿಳಿಯುತ್ತದೆ. ಕೊನೆಗೆ ತಾನೇ ಒಯ್ದು ಕಾಡಿಗೆ ಬಿಡುತ್ತಾನೆ. ಆನೆ, ಹಂದಿ, ಕೋತಿಗಳ ಕಾಟ ಕಂಡ ಮಲೆನಾಡಿನವರಿಗೆ, ಕೊಡಗಿನವರಿಗೆ ಆ ನೆರೆಯವರ ಸಿಟ್ಟೂ ಅರ್ಥವಾಗುತ್ತದೆ.

ಕಥೆ ಇಷ್ಟು ಸ್ಪಷ್ಟವಾಗಿ ಹೇಳಿದರೂ ನೋಡಿದವರು ಕೇಳಿಸಿಕೊಂಡದ್ದು ಬೇರೆಯೇ. ಸರಣಿ ಬಂದ ಮೇಲೆ ಜಪಾನಿನ ಮನೆಗಳಿಗೆ ರಕೂನ್ ಮರಿ ಬೇಕಾಯಿತು. ಉತ್ತರ ಅಮೆರಿಕದಿಂದ ವರ್ಷಕ್ಕೆ ಸಾವಿರಕ್ಕೂ ಮೇಲೆ ತರಿಸಿದ ಕಾಲವುಂಟು. ಮರಿ ಬೆಳೆಯಿತು, ಕಚ್ಚಿತು, ಪಂಜರ ಬಿಚ್ಚಿಕೊಂಡು ಓಡಿತು. ಸಾಕಾಗಿಹೋದವರು ರಾಸ್ಕಲ್‌ನ ಕೊನೆಯ ಕಂತಿನ ಹಾಗೆಯೇ ಒಯ್ದು ಕಾಡಿಗೆ ಬಿಟ್ಟರು. ವಿಸ್ಕಾನ್ಸಿನ್‌ನಲ್ಲಿ ಅದು ಮನೆಗೆ ಮರಳಿದಂತೆ, ಜಪಾನಿನಲ್ಲಿ ಹಾಗಲ್ಲ. 1962ರಲ್ಲೇ ಐಚಿ ಪ್ರಾಂತ್ಯದಲ್ಲಿ ಕೆಲವು ತಪ್ಪಿಸಿಕೊಂಡಿದ್ದವು, ಹಾಗಾಗಿ ಎಲ್ಲ ಪಾಪವನ್ನೂ ಕಾರ್ಟೂನಿನ ತಲೆಗೆ ಕಟ್ಟುವಂತಿಲ್ಲ. ಆದರೆ ಈಗ ಆ ದೇಶದ 47 ಪ್ರಾಂತ್ಯಗಳಲ್ಲೂ ರಕೂನ್ ಕಂಡುಬಂದಿದೆ. ಜೋಳ, ಕಲ್ಲಂಗಡಿ, ಸ್ಟ್ರಾಬೆರಿ ತಿಂದುಹಾಕುತ್ತವೆ. ಕ್ಯೋಟೋದ ಹಳೆಯ ಮರದ ದೇವಾಲಯಗಳ ಕಂಬಗಳ ಮೇಲೆ ಅವುಗಳ ಉಗುರಿನ ಗೀರುಗಳಿವೆ, ಅಟ್ಟದಲ್ಲಿ ಸಂಸಾರ ಹೂಡುತ್ತವೆ. 2005ರಲ್ಲಿ ಜಾರಿಯಾದ ಹೊರಗಿನ ಜೀವಿಗಳ ಕಾನೂನಿನಡಿ ಅವನ್ನು ತರಿಸುವುದೂ ಸಾಕುವುದೂ ಬಿಡುವುದೂ ನಿಷಿದ್ಧ. ಹೊಲಗಳಲ್ಲಿ ಬೋನು ಇಟ್ಟು ಹಿಡಿದು ಕೊಲ್ಲುವ ಅದೇ ದೇಶದಲ್ಲಿ ರಾಸ್ಕಲ್‌ನ ಮುದ್ದುಮುಖ ಮಾತ್ರ ಇವತ್ತೂ ಟವೆಲ್ಲು, ಲೋಟ, ಚೀಲಗಳ ಮೇಲೆ ನಗುತ್ತಿದೆ.

ಇದನ್ನೆಲ್ಲ ತಿಳಿದುಕೊಂಡೇ ರಾಸ್ಕಲ್ ತೋರಿಸಿ ಎನ್ನುವುದು ನನ್ನ ಸಲಹೆ. ಸರಣಿ ಮುಗಿಯುವ ಹೊತ್ತಿಗೆ ನಿಮ್ಮ ಮಗುವೂ ಏನನ್ನಾದರೂ ಸಾಕೋಣ ಎನ್ನುವುದು ಖಂಡಿತ. ರಕೂನ್ ಇಲ್ಲಿ ಸಿಗಲಿಕ್ಕಿಲ್ಲ, ಗಿಳಿ ಸಿಗುತ್ತದೆ, ನಕ್ಷತ್ರ ಆಮೆಯೂ ಕದ್ದುಮುಚ್ಚಿ ಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಡಿನ ಗಿಳಿಯನ್ನಾಗಲಿ ಆ ಆಮೆಯನ್ನಾಗಲಿ ಹಿಡಿದು ಸಾಕುವುದು ಅಪರಾಧ. ಯಾಕೆ ಹಾಗೆ ಎಂದು ಮಗು ಕೇಳಿದರೆ ಕ್ಯೋಟೋದ ಕಥೆ ಹೇಳಿ.

ನೆಲ್ಲೊನೋ ರಾಸ್ಕಲೋ? ಎರಡೂ ಅಳಿಸುತ್ತವೆ. ನೆಲ್ಲೊನ ಕಥೆಯಲ್ಲಿ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ, ಸುಮ್ಮನೆ ಅಳಬೇಕು. ರಾಸ್ಕಲ್‌ನಲ್ಲಿ ಹುಡುಗ ತಾನೇ ಒಂದು ತೀರ್ಮಾನ ತೆಗೆದುಕೊಳ್ಳುತ್ತಾನೆ, ಆ ಅಳುವಿನಲ್ಲಿ ಸ್ವಲ್ಪ ಬೆನ್ನುಮೂಳೆಯಿದೆ. ಹಾಗಾಗಿ ನನ್ನ ಮತ ರಾಸ್ಕಲ್‌ಗೆ. ಮನೆಯಲ್ಲಿ ಸಾಕಿದ ನಾಯಿ ಇತ್ತೀಚೆಗೆ ಸತ್ತಿದ್ದರೆ ಎರಡೂ ಬೇಡ, ಒಂದು ವರ್ಷ ಬಿಟ್ಟು ನೋಡಿ.

ಸಣ್ಣ ಜೀವಗಳು

ಮಾಯಾ ಎಂಬ ಜೇನುಹುಳುವಿನ ಸರಣಿ 1975ರದ್ದು, 52 ಕಂತು. ಜರ್ಮನಿಯ ವಾಲ್ಡೆಮಾರ್ ಬೋನ್ಸೆಲ್ಸ್ 1912ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಯುರೋಪಿನಲ್ಲಿ ಇದನ್ನು ಜರ್ಮನ್ ಎಂದೇ ತಿಳಿದವರು ಅಸಂಖ್ಯ. ಕರೆಲ್ ಗಾಟ್ ಹಾಡಿದ ಶೀರ್ಷಿಕೆ ಹಾಡು ಅಲ್ಲಿ ಎಲ್ಲರ ಬಾಯಲ್ಲಿ. ಮಾಯಾಳ ಸೋಮಾರಿ ಗೆಳೆಯ ವಿಲ್ಲಿ ಪುಸ್ತಕದಲ್ಲಿಲ್ಲ, ಟೀವಿಯವರ ಸೃಷ್ಟಿ. ಕಥೆಯನ್ನು ಎಳೆದುಕೊಂಡು ಹೋಗುವವನು ಮಾತ್ರ ಅವನೇ. ಜೇನುಹುಳು ತಿನ್ನುವುದು ಹೂವಿನ ರಸ, ಆದ್ದರಿಂದ ನಮ್ಮ ಪ್ರಶ್ನೆ ಇಲ್ಲಿ ಸುಲಭವಾಗಿ ಬಗೆಹರಿಯುತ್ತದೆ. ಜೇಡದ ಬಲೆ, ಕಡಜಗಳ ದಂಡು ಬಂದಾಗ ಸ್ವಲ್ಪ ಭಯ, ಬೇಗ ಹೋಗುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ಇದಕ್ಕಿಂತ ಸುರಕ್ಷಿತವಾದದ್ದು ಈ ಪಟ್ಟಿಯಲ್ಲಿಲ್ಲ. ದೊಡ್ಡವರಿಗೆ ಹತ್ತು ಕಂತಿನ ಮೇಲೆ ಆಕಳಿಕೆ ಬರುತ್ತದೆ.

ಇದನ್ನೇ ಹೋಲುವ ಇನ್ನೊಂದರಿಂದ ಮೋಸಹೋಗಬೇಡಿ. ಹಚ್ ಎಂಬ ಅನಾಥ ಜೇನುಹುಳುವಿನ ಸರಣಿಯೂ ಒಂದಿದೆ, 1970ರಲ್ಲಿ ತತ್ಸುನೊಕೊ ಸಂಸ್ಥೆ ಮಾಡಿದ್ದು, 91 ಕಂತು. ತಾಯಿಯನ್ನು ಹುಡುಕುತ್ತ ಹೊರಟ ಮರಿ ದಾರಿಯಲ್ಲಿ ಸ್ನೇಹ ಮಾಡುತ್ತದೆ, ಆ ಸ್ನೇಹಿತರು ಸಾಯುತ್ತಾರೆ, ಮತ್ತೆ ಮುಂದಕ್ಕೆ. ಮಾಯಾ ಎಂದುಕೊಂಡು ಹಚ್ ಹಾಕಿದರೆ ರಾತ್ರಿ ನಿದ್ದೆ ಕೆಡುವುದು ನಿಮ್ಮದೇ.

ಈ ಗುಂಪಿನಲ್ಲಿ ನನಗೆ ತುಂಬ ಇಷ್ಟ ‘ಗಾಂಬಾನ ಸಾಹಸ’. 1975ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ, ಬರೀ 26 ಕಂತಿನ ಸರಣಿ, ನಿರ್ದೇಶಕ ಒಸಾಮು ದೆಝಾಕಿ. ಮೂಲ ಅತ್ಸುವೊ ಸೈತೋ ಬರೆದ ಮಕ್ಕಳ ಕಾದಂಬರಿ. ಸಮುದ್ರ ನೋಡಲು ಹೊರಟ ಪೇಟೆಯ ಇಲಿ ಗಾಂಬಾ, ಬಂದರಿನ ಇಲಿಗಳ ಔತಣದಲ್ಲಿ ಗಾಯಗೊಂಡ ಒಂದು ಪುಟ್ಟ ಇಲಿಯನ್ನು ಕಾಣುತ್ತಾನೆ. ಅದರ ದ್ವೀಪದಲ್ಲಿ ನೊರೋಯಿ ಎಂಬ ಬಿಳಿ ವೀಸೆಲ್ ಇಲಿಗಳನ್ನು ಮುಗಿಸುತ್ತ ಬಂದಿದೆ. ವೀಸೆಲ್ಲೂ ಮುಂಗುಸಿಯ ಹಾಗೆ ಉದ್ದ ಮೈಯ, ಮಿಂಚಿನ ಓಟದ ಬೇಟೆಗಾರ. ನೊರೋಯಿ ಎಂಬ ಹೆಸರು ಕೇಳಿದ್ದೇ ತಡ, ಹಡಗಿನ ಶೂರರೆಲ್ಲ ಜಾರಿಕೊಳ್ಳುತ್ತಾರೆ. ಉಳಿಯುವುದು ಏಳೇ ಜನ: ಒಬ್ಬ ಪಂಡಿತ, ಒಬ್ಬ ಕುಡುಕ ಕವಿ, ಒಬ್ಬ ಜೂಜುಕೋರ, ಸದಾ ಹಸಿದಿರುವ ಒಬ್ಬ, ಹೀಗೆ.

ಇಲ್ಲಿ ತಿನ್ನುವವನ ಕಡೆಯ ನ್ಯಾಯವನ್ನು ಯಾರೂ ಕೇಳುವುದಿಲ್ಲ. ನೋಡುವುದೆಲ್ಲ ತಿನ್ನಿಸಿಕೊಳ್ಳುವವರ ಕಣ್ಣಿನಿಂದ. ಜೊತೆಗೆ ನೊರೋಯಿ ಕೊಲ್ಲುವುದು ಹಸಿವಿಗಷ್ಟೇ ಅಲ್ಲ, ಅದರಲ್ಲಿ ಅವನಿಗೆ ಸುಖವಿದೆ. ಮೋಗ್ಲಿಯ ಕಾಡಿನ ಕಾನೂನು ಬಹಿಷ್ಕರಿಸುವುದು ಇಂಥವನನ್ನೇ. ಬಿಳಿ ತುಪ್ಪಳ, ಕೆಂಪು ಕಣ್ಣು, ನಯವಾದ ದನಿ. ಜಪಾನಿನ ಒಂದು ಇಡೀ ಪೀಳಿಗೆ ಇವನನ್ನು ಕಂಡು ಟೀವಿಗೆ ಬೆನ್ನು ಹಾಕಿ ಕೂತಿದ್ದುಂಟು. ಚಿತ್ರದ ಗೆರೆ ಒರಟು, ಬಣ್ಣ ಬಳಿದಂತಿದೆ, ಮೊದಲ ನೋಟಕ್ಕೆ ಅಂದವಿಲ್ಲ. ಮೂರು ಕಂತು ತಾಳಿಕೊಳ್ಳಿ, ಸಾಕು. ಒಂಬತ್ತು ವರ್ಷದ ಮೇಲೆ.

ಇನ್ನು ‘ಗಿನ್’. 1986, ತೋಯಿ ಸಂಸ್ಥೆಯದು, 21 ಕಂತು. ಅಕಿತಾ ತಳಿಯ ನಾಯಿಮರಿಯೊಂದು ಕೊಲೆಗಡುಕ ಕರಡಿಯ ಮೇಲೆ ಸೇಡು ತೀರಿಸಲು ನಾಯಿಗಳ ಸೈನ್ಯ ಕಟ್ಟುವ ಕಥೆ. ರಕ್ತ ಧಾರಾಳ. ಫಿನ್ಲೆಂಡಿನಲ್ಲಿ ದೃಶ್ಯಗಳಿಗೆ ಕತ್ತರಿ ಹಾಕಿದ ವಿಡಿಯೋ ಕ್ಯಾಸೆಟ್ಟುಗಳ ಮೂಲಕವೇ ಇದಕ್ಕೆ ದೊಡ್ಡ ಅಭಿಮಾನಿ ಬಳಗ ಹುಟ್ಟಿಕೊಂಡಿತು. ಹೊಡೆದಾಟದ ರುಚಿಯಿರುವ ಹೈಸ್ಕೂಲು ಹುಡುಗರಿಗೆ ಸರಿ, ಉಳಿದವರು ಬಿಟ್ಟರೂ ನಷ್ಟವಿಲ್ಲ.

ಶುರು ಮಾಡುವ ಮುಂಚೆ

ಭಾಷೆಯ ಮಾತು ಮೊದಲು. ಸಬ್‌ಟೈಟಲ್ ಓದಲು ಬಾರದ ಮಗುವಿಗೆ, ಮನೆಯಲ್ಲಿ ಹಿಂದಿ ನಡೆಯುವುದಾದರೆ, ಹಿಂದಿಯ ಮೋಗ್ಲಿಯೇ ಸಲೀಸು. ಬೇರೆ ಯಾವುದನ್ನು ಹಾಕಿದರೂ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋಗಬೇಕಾಗುತ್ತದೆ. ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಈ ಕೆಲಸಕ್ಕೆ ಹಚ್ಚಬಹುದು. ಮಾತು ಕಡಿಮೆಯಿರುವ ರಾಸ್ಕಲ್ ಇದಕ್ಕೆ ಚೆನ್ನಾಗಿ ಒದಗುತ್ತದೆ, ಮಾತು ಜಾಸ್ತಿಯಿರುವ ಗಾಂಬಾ ಸುಸ್ತು ಮಾಡುತ್ತದೆ.

ಹಳೆಯದೋ ಹೊಸದೋ ಎಂಬ ಗೊಂದಲವೂ ಬರುತ್ತದೆ. ಮಾಯಾಳಿಗೆ ಈಚೆಗೆ ಕಂಪ್ಯೂಟರಿನಲ್ಲಿ ಮಾಡಿದ ಹೊಸ ಸರಣಿ ಇದೆ, ಮೋಗ್ಲಿಗೂ ಇದೆ, ಹುಡುಕಿದರೆ ಮೊದಲು ಸಿಗುವುದು ಅವೇ. ಕೈಯಿಂದ ಬರೆದ ಚಿತ್ರವೋ ಅಲ್ಲವೋ ನೋಡಿಕೊಂಡು ಒತ್ತಿ. ಲಿಯೋನ ವಿಷಯದಲ್ಲಿ 1989ರ ಆವೃತ್ತಿ ನೋಡಲು ನುಣುಪಾಗಿದೆ, 1965ರದ್ದರ ಬಿಸಿ ಅದಕ್ಕಿಲ್ಲ.

ಒಂದು ರಜೆಗೆ ಎರಡು ಸರಣಿ ಹಿಡಿಸಬಹುದಾದರೆ ಮೋಗ್ಲಿ ಮೊದಲು, ಗಾಂಬಾ ಆಮೇಲೆ, ಎರಡನೆಯದು ಗಿಡ್ಡ. ರಾಸ್ಕಲ್‌ಗೆ ಮಳೆಗಾಲದ ಸಂಜೆಗಳು ವಾಸಿ, ವಾರಕ್ಕೆ ಎರಡೋ ಮೂರೋ ಕಂತು. ಫ್ಲಾಂಡರ್ಸಿನ ನಾಯಿಯನ್ನೇ ನೋಡುತ್ತೇವೆ ಎಂದು ಹಟ ಹಿಡಿದರೆ ಹಿಡಿಯಲಿ. ಕೊನೆಯ ನಾಲ್ಕು ಕಂತನ್ನು ಮಾತ್ರ ಪರೀಕ್ಷೆಯ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.